ಆರು ಬಿಳಿ ಬಾಗಿಲು, ಒಂದು ಹಸಿರು

ಮಾರ್ಚ್ 2, ಭಾನುವಾರ

ಮನೆಗೆ ಬಣ್ಣ ಹೊಡೆಸುವ ನಿರ್ಣಯವನ್ನು ಇಂದು ಬೆಳಿಗ್ಗೆ ಕೈಗೊಳ್ಳಲಾಯಿತು. ಈ ಮನೆಯಲ್ಲಿ ನಾನೊಬ್ಬನೇ ಇರುವುದರಿಂದ ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಯಿತು. ವಿರೋಧಿಸಬಹುದಾಗಿದ್ದ ಹಲ್ಲಿ ಸಭೆಗೆ ಹಾಜರಾಗಿರಲಿಲ್ಲ.

ಕಾರಣ ಅಕ್ಕ. ಹದಿನೈದನೇ ತಾರೀಖು ಬರುತ್ತಾಳೆ. ಅವಳಿರುವ ಬಾಡಿಗೆ ಕೋಣೆ ದರ್ಜಿ ಅಂಗಡಿಯ ಮೇಲಿನ ಮಹಡಿಯಲ್ಲಿದೆ. ಮೆಟ್ಟಿಲು ಹತ್ತಲು ಅವಳ ಕಾಲು ಈಗಲೂ ಗಟ್ಟಿ, ಕೈಕೊಟ್ಟದ್ದು ಕಣ್ಣು. ನಿನ್ನೆ ಕಣ್ಣಿನ ಡಾಕ್ಟರು ಹೇಳಿದ್ದನ್ನು ಮರೆಯುವ ಮೊದಲು ಬರೆದಿಡುತ್ತೇನೆ: "ಕನ್ನಡಕದಿಂದ ಇನ್ನು ಪ್ರಯೋಜನ ಇಲ್ಲ. ಬೆಳಕು ಕತ್ತಲೆಯ ವ್ಯತ್ಯಾಸ ಇವರಿಗೆ ಕಾಣುತ್ತೆ. ದೊಡ್ಡ ಆಕಾರಗಳು ಕಾಣುತ್ತವೆ. ಅಷ್ಟು ಉಳಿಯುತ್ತೆ."

ನಾನು ವಿಜ್ಞಾನದ ಮೇಷ್ಟ್ರು. 'ಬೆಳಕು' ಎಂಬ ಪದದ ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಬೆಳಕು ಕಾಣುತ್ತದೆ ಎಂದಮೇಲೆ ಬೆಳಕನ್ನು ಹೆಚ್ಚಿಸಬೇಕು. ಬಿಳಿ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನ ಬಹುಪಾಲನ್ನು ಹಿಂದಿರುಗಿಸುತ್ತದೆ. ಮೂವತ್ತೊಂದು ವರ್ಷದಿಂದ ಇದನ್ನೇ ಕಪ್ಪು ಹಲಗೆಯ ಮೇಲೆ ಬರೆಯುತ್ತಿದ್ದೇನೆ.

ಅಕ್ಕನ ಷರತ್ತು ಒಂದಿದೆ. "ಒಂದು ತಿಂಗಳು ಇದ್ದು ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಕಣ್ಣು ಕಾಣದವರ ವಸತಿಗೃಹಕ್ಕೆ ಹೋಗ್ತೀನಿ. ಏಪ್ರಿಲ್ ಹದಿನೈದರ ತನಕ ನನಗೊಂದು ಹಾಸಿಗೆ ಇಟ್ಟಿರ್ತಾರಂತೆ." ಆಗಲಿಲ್ಲ ಎಂದರೆ ಏನು ಆಗಲಿಲ್ಲ ಎಂದು ನಾನು ಕೇಳಲಿಲ್ಲ. ಅಮ್ಮ ಹೋದಾಗ ನನಗೆ ಒಂಬತ್ತು, ಅವಳಿಗೆ ಹದಿನೇಳು. ನನ್ನನ್ನು ಸಾಕಲು ಅವಳು ಯಾವ ಷರತ್ತನ್ನೂ ಹಾಕಿರಲಿಲ್ಲ.

ಆದ್ದರಿಂದ ಬಿಳಿ.

ಮಾರ್ಚ್ 4, ಮಂಗಳವಾರ

ಪೇಂಟರ್ ಬಂದ. ಐವತ್ತು ದಾಟಿದ ಮನುಷ್ಯ. ಬಣ್ಣ ತರಲಿಲ್ಲ, ಬ್ರಷ್ಷೂ ತರಲಿಲ್ಲ. ಗೋಡೆಯ ಮೇಲೆ ಅಂಗೈ ಇಟ್ಟು, ಜ್ವರ ನೋಡುವವನಂತೆ ಕೋಣೆಯಿಂದ ಕೋಣೆಗೆ ನಡೆದ.

"ನಾಳೆಯಿಂದ ತೊಳೀತೀನಿ."

"ಏನನ್ನ?"

"ಗೋಡೆನ."

ಬಣ್ಣ ಹಚ್ಚುವುದೇ ಕೊಳೆ ಮುಚ್ಚಲು. ಕೊಳೆ ತೊಳೆದಮೇಲೆ ಬಣ್ಣದ ಅಗತ್ಯವೇನು ಎಂದು ತರ್ಕಬದ್ಧವಾಗಿ ಕೇಳಿದೆ.

"ಮೇಷ್ಟ್ರೇ, ಮುಖ ತೊಳೀದೆ ಪೌಡರ್ ಹಾಕ್ಕೊಳ್ತೀರಾ?"

ನಾನು ಪೌಡರ್ ಹಾಕುವುದೇ ಇಲ್ಲ. ಆದರೆ ಹಾಗೆಂದರೆ ವಾದದಲ್ಲಿ ಗೆದ್ದಂತಾಗದು ಎಂದು ಸುಮ್ಮನಾದೆ.

ಬಣ್ಣಕ್ಕೆ ಮುಂಚೆ ಬಳಿಯುವ ಪ್ರೈಮರ್ ವಿಷಯದಲ್ಲೂ ಇದೇ ಗತಿ. ಪ್ರೈಮರ್ ಎಂಬುದು ಪೇಂಟರ್‌ಗಳು ಕೆಲಸದ ದಿನ ಹೆಚ್ಚಿಸಲು ಕಂಡುಹಿಡಿದ ವಸ್ತು ಎಂಬುದು ನಮ್ಮ ಸ್ಟಾಫ್ ರೂಮಿನ ಒಮ್ಮತದ ಅಭಿಪ್ರಾಯ. ಅವನು ತಲೆಯಾಡಿಸುತ್ತ ಕೇಳಿದ. ಒಪ್ಪಿದ ಎಂದುಕೊಂಡೆ. ಆಮೇಲೆ ಪ್ರೈಮರ್ ಎಷ್ಟು ಡಬ್ಬ ಬೇಕೆಂದು ಲೆಕ್ಕ ಹಾಕತೊಡಗಿದ. ಎರಡು ತೆಳು ಪದರದ ಬದಲು ಒಂದೇ ದಪ್ಪ ಪದರ ಬಳಿದು ಮುಗಿಸಬಹುದಲ್ಲ ಎಂದೆ.

"ಎರಡು ದಿನದ ಊಟ ಇವತ್ತೇ ಮಾಡಿಬಿಟ್ರೆ ನಾಳೆ ಹಸಿವಾಗಲ್ವಾ?"

ಅವನಿಗೆ ಮನಸ್ಸಿನಲ್ಲೇ ನಿಧಾನಪ್ಪ ಎಂದು ಹೆಸರಿಟ್ಟೆ.

ಮಾರ್ಚ್ 6, ಗುರುವಾರ

ಇನ್ನೂ ಒಂದು ಹನಿ ಬಣ್ಣ ಬಿದ್ದಿಲ್ಲ. ಕೆರೆಯುತ್ತಿದ್ದಾನೆ. ಇಂದಿನ ಊಟದಲ್ಲಿ ಸ್ವಲ್ಪ ಗೋಡೆ ಇತ್ತು.

ಮಾರ್ಚ್ 9, ಭಾನುವಾರ

ಬಣ್ಣ ಆರಿಸುವ ದಿನ. ಶೇಡ್ ಕಾರ್ಡಿನಲ್ಲಿ ಬಿಳಿಯೇ ಇಪ್ಪತ್ತಮೂರು ಬಗೆಯಿದೆ. ಎಲ್ಲಕ್ಕಿಂತ ಬಿಳಿಯಾದ ಬಿಳಿಗೆ ಬೆರಳಿಟ್ಟೆ.

"ಬಾಗಿಲಿಗೆ?"

"ಬಿಳಿ."

"ಚೌಕಟ್ಟಿಗೆ?"

"ಬಿಳಿ."

"ಹಿಡಿಕೆ, ಸ್ವಿಚ್ ಬೋರ್ಡಿನ ಸುತ್ತ?"

"ಅದೂ ಬಿಳಿ."

ನಿಧಾನಪ್ಪ ಕಾರ್ಡ್ ಮಡಿಸಿದ. "ಮೇಷ್ಟ್ರೇ, ಇದು ಮನೇನೋ, ಮೊಟ್ಟೆನೋ?"

ಅಕ್ಕನ ವಿಷಯ ಹೇಳಿದೆ. ಅವನ ತಮಾಷೆ ನಿಂತಿತು. ಸ್ವಲ್ಪ ಹೊತ್ತು ಬಾಗಿಲನ್ನೇ ನೋಡಿ, "ಹಾಗಿದ್ರೆ ಚೌಕಟ್ಟಿಗಾದ್ರೂ ಒಂದು ಕಂದು ಹೊಡೆದ್ರೆ..." ಎಂದು ಶುರುಮಾಡಿದ. ಗಾಢ ಬಣ್ಣ ಕೋಣೆಯನ್ನು ಚಿಕ್ಕದು ಮಾಡುತ್ತದೆ, ಬಿಳಿ ದೊಡ್ಡದು ಮಾಡುತ್ತದೆ, ಇದು ಎಲ್ಲರಿಗೂ ತಿಳಿದ ಸಂಗತಿ ಎಂದೆ. "ಟೇಪಲ್ಲಿ ಅಳೆದಿದ್ದೀರಾ?" ಎಂದ. ನಾನು ಹತ್ತು ನಿಮಿಷ ಬೆಳಕಿನ ಪ್ರತಿಫಲನದ ಬಗ್ಗೆ ಪಾಠ ಮಾಡಿದೆ. ಕಡೆಗೆ ಅವನು, "ಸರಿ, ನಿಮ್ಮ ಅಕ್ಕ, ನಿಮ್ಮ ಮನೆ," ಎಂದು ಪ್ರೈಮರ್ ಡಬ್ಬದ ಮುಚ್ಚಳ ತೆಗೆದ. ಗೆಲುವು ನನ್ನದು.

ಒಂದು ಸೋಲು: ಸಾಮಾನಿನ ಕೋಣೆ. ಹೊರಗಡೆಯ ಪೈಪು ಸೋರಿ ಅದರ ಗೋಡೆ ತೇವಗೊಂಡಿದೆ. ಬಣ್ಣ ಹೊಡೆದರೆ ತೇವ ಮುಚ್ಚಿಹೋಗುತ್ತದೆ ಎಂದೆ. "ಒದ್ದೆ ಅಂಗಿ ಮೇಲೆ ಕೋಟು ಹಾಕ್ಕೊಂಡ್ರೆ ಅಂಗಿ ಒಣಗುತ್ತಾ?" ಎಂದ. ಪೈಪು ರಿಪೇರಿಯಾಗಿದೆ, ಗೋಡೆ ಒಣಗಲು ನಾಲ್ಕು ವಾರ ಬೇಕಂತೆ. ಅಲ್ಲಿಯವರೆಗೆ ಅದನ್ನೂ ಅದರ ಬಾಗಿಲನ್ನೂ ಮುಟ್ಟುವುದಿಲ್ಲವಂತೆ. ನನ್ನ ಆರು ಬಿಳಿ ಬಾಗಿಲುಗಳ ನಡುವೆ ಅದೊಂದು ಹಳೆಯ ಹಸಿರು ಹಲ್ಲಿನಂತೆ ಉಳಿಯಲಿದೆ.

ಮಾರ್ಚ್ 14, ಶುಕ್ರವಾರ

ಮುಗಿಯಿತು. ನನ್ನ ಮನೆ ಹಾಲಿನೊಳಗೆ ಅದ್ದಿ ತೆಗೆದಂತಿದೆ. ಬಿಳಿ ಪರದೆ, ಬಿಳಿ ಹೊದಿಕೆ, ಬಿಳಿ ಕಾಲೊರಸು, ಆರು ಬಿಳಿ ಟೀ ಕಪ್‌ಗಳನ್ನು ಕೊಂಡು ತಂದೆ. ವಿಜ್ಞಾನವನ್ನು ಒಬ್ಬ ಮನುಷ್ಯ ಇದಕ್ಕಿಂತ ಹೆಚ್ಚು ನಿಷ್ಠೆಯಿಂದ ಪಾಲಿಸಲಾರ.

ಮಾರ್ಚ್ 15, ಶನಿವಾರ

ಅಕ್ಕ ಬಂದಳು. ನಡುಮನೆಯಲ್ಲಿ ನಿಂತು ಮುಖವನ್ನು ಒಂದು ಸುತ್ತು ತಿರುಗಿಸಿದಳು.

"ಹೇಗಿದೆ?"

"ತುಂಬಾ ಬೆಳಕಿದೆ," ಅಂದಳು. ಸ್ವಲ್ಪ ಬಿಟ್ಟು, "ಚೆನ್ನಾಗಿದೆ ಕಣೋ. ಎಷ್ಟೆಲ್ಲ ಮಾಡಿಸಿದ್ದೀಯಾ."

ಅವಳ ಸಾಮಾನು ಒಂದೇ ಚೀಲ. ಅದರಲ್ಲಿ ಒಂದು ಚೌಕ ಕಪ್ಪು ಬಟ್ಟೆ. ಆ ದರ್ಜಿ ಅಂಗಡಿಯಲ್ಲಿ ನಲವತ್ತು ವರ್ಷ ಅದನ್ನು ತೊಡೆಯ ಮೇಲೆ ಹಾಸಿಕೊಂಡು ಕೆಲಸ ಮಾಡುತ್ತಿದ್ದಳು. ಬಿಳಿ ಅಂಗಿಗಳಿಗೆ ಗುಂಡಿ ತೂರಿಸುವ ಕಾಜಾ ಹೊಲಿಯುವುದು ಹೆಚ್ಚಾಗಿ ಅವಳ ಪಾಲಿನ ಕೆಲಸವಾಗಿತ್ತು. ಈಗ ಹೊಲಿಗೆಯಿಲ್ಲ, ಬಟ್ಟೆ ಮಾತ್ರ ಉಳಿದಿದೆ. ಈ ಮನೆಗೆ ಅದು ಹೊಂದುವುದಿಲ್ಲ. ಒಗೆದು ಎಲ್ಲಾದರೂ ಎತ್ತಿಡಬೇಕು.

"ಸಂಜೆ ನೀನು ಸ್ಕೂಲಿಂದ ಬಂದಾಗ ಬೆಲ್ ಮಾಡು, ಬಾಗಿಲು ತೆಗೀತೀನಿ," ಅಂದಳು. ಬೇಡ, ನನ್ನ ಹತ್ತಿರ ಕೀ ಇದೆ, ನೀನು ಕೂತಲ್ಲಿಂದ ಏಳಬೇಡ ಎಂದೆ. ನನ್ನ ಮನೆಯ ಬೆಲ್ಲನ್ನು ನಾನು ಈವರೆಗೆ ಒತ್ತಿಲ್ಲ. ಅದು ಬೇರೆಯವರಿಗಾಗಿ ಇರುವುದು.

"ಬಾಗಿಲು ತೆಗೆಯೋಕೂ ಬೇಡ್ವಾ ನಾನು?" ಎಂದು ನಕ್ಕಳು.

ಮಾರ್ಚ್ 18, ಮಂಗಳವಾರ

ಅಡುಗೆಮನೆಯ ಬಾಗಿಲು ಅರ್ಧ ತೆರೆದಿತ್ತು. ಅದರ ಅಂಚಿಗೆ ಹಣೆ ತಾಗಿಸಿಕೊಂಡಳು. "ನೋಡ್ಕೊಂಡು ನಡಿ ಅಕ್ಕ," ಎಂದುಬಿಟ್ಟೆ. ಅಂದಮೇಲೆ ನಾಲಿಗೆ ಕಚ್ಚಿಕೊಂಡೆ. ಅವಳು ನಕ್ಕಳು. ನಾನು ನಗಲಿಲ್ಲ.

ಬೆಳಕು ಸಾಲದಿರಬಹುದು. ಇದಕ್ಕಿಂತ ದೊಡ್ಡ ಬಲ್ಬ್ ಹಾಕಿದೆ.

ಮಾರ್ಚ್ 22, ಶನಿವಾರ

ಬಾಗಿಲುಗಳ ಹಿಡಿಕೆಗೆ ಕಪ್ಪು ಚಿಂದಿ ಕಟ್ಟಿತ್ತು. ಎಲ್ಲಕ್ಕೂ ಅಲ್ಲ: ಅವಳ ಕೋಣೆ, ಬಚ್ಚಲು, ಅಡುಗೆಮನೆ. ಆ ಕಪ್ಪು ಬಟ್ಟೆಯ ಅಂಚನ್ನು ಕತ್ತರಿಸಿ ಕಟ್ಟಿದ್ದಾಳೆ. ಹೊಲಿಗೆಯವರಿಗೆ ಕೈ ಸುಮ್ಮನಿರುವುದಿಲ್ಲ. ಸಿಕ್ಕಿದ್ದಕ್ಕೆಲ್ಲ ಗಂಟು ಹಾಕುತ್ತಾರೆ. ಎಂಟು ದಿನದ ಹೊಸ ಬಣ್ಣ. ಅವಳ ಮನಸ್ಸು ನೋಯಬಾರದೆಂದು ಏನೂ ಅನ್ನದೆ ಮೂರನ್ನೂ ಬಿಚ್ಚಿ, ಮಡಿಸಿ, ಮೇಜಿನ ಖಾನೆಯಲ್ಲಿಟ್ಟೆ.

ಮಾರ್ಚ್ 24, ಸೋಮವಾರ

ಮತ್ತೆ ಕಟ್ಟಿದ್ದಳು. ಮತ್ತೆ ಬಿಚ್ಚಿದೆ.

ಮಾರ್ಚ್ 25, ಮಂಗಳವಾರ

ಇಂದು ಕಟ್ಟಿಲ್ಲ. ಅರ್ಥಮಾಡಿಕೊಂಡಿದ್ದಾಳೆ.

ಬೆಳಿಗ್ಗೆ ಬಿಳಿ ಕಪ್‌ಗೆ ಹಾಲು ಸುರಿಯಲು ಹೋಗಿ ಕಪ್‌ನ ಪಕ್ಕಕ್ಕೆ ಸುರಿದಳು. ಇನ್ನು ನಾನೇ ಸುರಿದುಕೊಡುತ್ತೇನೆ ಎಂದೆ. "ಆಯ್ತು," ಅಂದಳು. ಈ ವಾರ ಅವಳು ಹೆಚ್ಚಾಗಿ 'ಆಯ್ತು' ಎನ್ನುತ್ತಿದ್ದಾಳೆ.

ಮಾರ್ಚ್ 29, ಶನಿವಾರ

ಮಧ್ಯಾಹ್ನ ಶಾಲೆಯಿಂದ ಬಂದರೆ ಅಕ್ಕ ಅವಳ ಕೋಣೆಯಲ್ಲಿಲ್ಲ. ಬಚ್ಚಲಿನಲ್ಲಿಲ್ಲ, ಅಡುಗೆಮನೆಯಲ್ಲಿಲ್ಲ. ಹುಡುಕಿದರೆ ಸಾಮಾನಿನ ಕೋಣೆಯಲ್ಲಿ, ಹಳೆಯ ಟ್ರಂಕಿನ ಮೇಲೆ, ಮುರಿದ ಫ್ಯಾನು ಮತ್ತು ಹಳೆಯ ಪರೀಕ್ಷೆಯ ಕಾಗದಗಳ ನಡುವೆ ಕೂತಿದ್ದಾಳೆ.

"ಇಲ್ಲೇನು ಮಾಡ್ತಿದ್ದೀಯಾ?"

"ಸುಮ್ನೆ ಕೂತಿದ್ದೀನಿ."

"ಅಲ್ಲಿ ಅಷ್ಟು ಒಳ್ಳೆ ಕುರ್ಚಿ ಇದೆ, ಕಿಟಕಿ ಇದೆ."

"ಇಲ್ಲಿ ಚೆನ್ನಾಗಿದೆ ಕಣೋ."

ಪಕ್ಕದ ಮನೆಯಾಕೆ ಹೇಳಿದಳು: ದಿನವೂ ಅಲ್ಲೇ ಕೂತಿರುತ್ತಾಳಂತೆ, ಕಿಟಕಿಯಿಂದ ಕಾಣುತ್ತದಂತೆ. ನಾನು ಶಾಲೆಗೆ ಹೊರಟೊಡನೆ ಅಲ್ಲಿಗೆ ಹೋಗುತ್ತಾಳೆ. ನಾನು ಬರುವ ಹೊತ್ತಿಗೆ ಕುರ್ಚಿಗೆ ಬರುತ್ತಾಳೆ. ಇಂದು ಶನಿವಾರ ಅರ್ಧ ದಿನ ಎಂಬುದನ್ನು ಮರೆತಿದ್ದಳು.

ನನ್ನ ಮನೆಯಲ್ಲಿ ನಾನು ಅವಳಿಗಾಗಿ ಮಾಡಿಸದೆ ಬಿಟ್ಟದ್ದು ಅದೊಂದೇ ಕೋಣೆ. ಅವಳು ಹೋಗಿ ಕೂರುವುದೂ ಅಲ್ಲಿಯೇ. ಇದರಿಂದ ಏನು ತಿಳಿಯಬೇಕು? ನಾನೇನೂ ತಿಳಿಯದಿರಲು ನಿರ್ಧರಿಸಿದ್ದೇನೆ.

ಏಪ್ರಿಲ್ 3, ಗುರುವಾರ

ಊಟವಾದ ಮೇಲೆ ಅಕ್ಕ ಹೇಳಿದಳು: "ಆ ವಸತಿಗೃಹದವರಿಗೆ ಒಂದು ಫೋನ್ ಮಾಡಿ, ಹದಿನೈದಕ್ಕೆ ಬರ್ತೀನಿ ಅಂತ ಹೇಳಿಬಿಡು."

"ನನ್ನಿಂದ ಏನಾದ್ರೂ ತಪ್ಪಾಯ್ತಾ?"

"ನಿನ್ನಿಂದೇನು ತಪ್ಪು. ನನಗೇ ಆಗ್ತಿಲ್ಲ. ಅಲ್ಲಾದ್ರೆ ಕೈ ಹಿಡ್ಕೊಂಡು ಹೋಗೋಕೆ ಯಾರಾದ್ರೂ ಇರ್ತಾರೆ."

ಕೈ ಹಿಡಿಯಲು ನಾನಿಲ್ಲವೇ ಎನ್ನಬೇಕಿತ್ತು. ಒಂಬತ್ತು ವರ್ಷದವನ ಕೈ ಹಿಡಿದು ದಿನಾ ರಸ್ತೆ ದಾಟಿಸಿದವಳು. "ಸೋಮವಾರ ಮಾಡ್ತೀನಿ," ಎಂದೆ.

ಏಪ್ರಿಲ್ 6, ಭಾನುವಾರ

ನಿಧಾನಪ್ಪ ಹೇಳಿದ ದಿನಕ್ಕೆ ಸರಿಯಾಗಿ ಬಂದ. ಸಾಮಾನಿನ ಕೋಣೆಯ ಗೋಡೆಗೆ ಅಂಗೈ ಇಟ್ಟು, "ಇನ್ನೊಂದು ವಾರ ಬೇಕು. ಬಾಗಿಲನ್ನಾದ್ರೂ ಮುಗಿಸ್ತೀನಿ," ಎಂದು ಬಿಳಿ ಡಬ್ಬ ತೆರೆದು ಹಸಿರು ಬಾಗಿಲ ಮುಂದೆ ಕೂತ. ಅಕ್ಕ ಒಳಗೆ ಟ್ರಂಕಿನ ಮೇಲಿದ್ದಳು. ಡಬ್ಬದ ಸದ್ದು ಕೇಳಿ ಎದ್ದು ಬಂದಳು. ನೇರವಾಗಿ ಬಂದಳು, ಎಲ್ಲೂ ತಡವರಿಸದೆ.

"ಇದೊಂದನ್ನ ಹಾಗೇ ಬಿಡಪ್ಪ. ಈ ಮನೇಲಿ ನನಗೆ ಸಿಗೋದು ಇದೊಂದೇ ಬಾಗಿಲು."

ಅವನು ಬ್ರಷ್ ಕೆಳಗಿಟ್ಟ. "ಬೇರೆ ಬಾಗಿಲುಗಳು, ಅಮ್ಮಾ?"

"ಗೋಡೆ ಯಾವುದು ಬಾಗಿಲು ಯಾವುದು ಗೊತ್ತಾಗಲ್ಲ. ಎಲ್ಲಾ ಒಂದೇ ಮೋಡ. ಗೋಡೆ ಮೇಲೆ ಕೈಯಾಡಿಸ್ಕೊಂಡು ಹೋಗ್ತೀನಿ. ಹಿಡಿಕೆಗೆ ಕಪ್ಪು ಬಟ್ಟೆ ಕಟ್ಟಿದ್ದೆ, ಅದೂ ಬಿಚ್ಚಿ ಬಿಚ್ಚಿ ಹೋಗ್ತಿತ್ತು."



"ನಾನು ಬಿಚ್ಚಿದೆ," ಎಂದೆ.

"ಗೊತ್ತು," ಅಂದಳು ಅಕ್ಕ. "ಈ ಮನೇಲಿ ಇರೋದು ನಾವಿಬ್ರೇ. ನಾನು ಕಟ್ಟಿದ್ದು ಅಂದ್ಮೇಲೆ ಇನ್ಯಾರು ಬಿಚ್ತಾರೆ?"

ನಿಧಾನಪ್ಪ ನನ್ನ ಕಡೆ ತಿರುಗಿದ. ದನಿಯಲ್ಲಿ ಕುಹಕವಿರಲಿಲ್ಲ, ಅದಿದ್ದಿದ್ದರೆ ಚೆನ್ನಾಗಿತ್ತು.

"ಮೇಷ್ಟ್ರೇ, ನಿಮ್ಮ ಸ್ಕೂಲಲ್ಲಿ ಬಿಳಿ ಹಲಗೆ ಮೇಲೆ ಬಿಳಿ ಸೀಮೆಸುಣ್ಣದಲ್ಲಿ ಬರೀತೀರಾ?"

ಮೂವತ್ತೊಂದು ವರ್ಷದಲ್ಲಿ ಯಾವ ವಿದ್ಯಾರ್ಥಿಯೂ ನನ್ನನ್ನು ಹೀಗೆ ನಿಲ್ಲಿಸಿರಲಿಲ್ಲ.

"ತಪ್ಪು ನಂದೂ ಇದೆ," ಎಂದು ಪೇಂಟರೇ ಮುಂದುವರಿಸಿದರು. "ಚೌಕಟ್ಟಿಗೆ ಕಂದು ಅಂತ ಬಾಯಿಗೆ ಬಂದಿತ್ತು. ನೀವು ಪಾಠ ಮಾಡಿದ್ರಿ, ಸುಮ್ನಾದೆ."

ಅಕ್ಕ ತನ್ನ ಕಪ್ಪು ಬಟ್ಟೆಯನ್ನು ಟ್ರಂಕಿನ ಮೇಲೆ ಹಾಸಿ ತೋರಿಸಿದಳು. ಅದರ ಮೇಲೆ ಬಿಳಿ ಅಂಗಿಯ ಅಂಚು ಇಟ್ಟರೆ ಒಂದೊಂದು ಎಳೆಯೂ ಕಾಣುತ್ತಿತ್ತಂತೆ. ಅದಿಲ್ಲದಿದ್ದರೆ ಒಳ್ಳೆಯ ಕಣ್ಣಿದ್ದ ಕಾಲದಲ್ಲೂ ಬಿಳಿಗೆ ಬಿಳಿ ಹೊಲಿಯಲು ಆಗುತ್ತಿರಲಿಲ್ಲವಂತೆ.

"ಮೊದಲೇ ಯಾಕೆ ಹೇಳ್ಲಿಲ್ಲ?"

"ನನಗೋಸ್ಕರ ಮಾಡಿಸಿದ್ದು, ಅದೇ ನನಗೆ ಕಾಣಲ್ಲ ಅಂತ ಹೇಗೆ ಹೇಳ್ಲಿ? ನೀನು ಚಿಕ್ಕವನಿದ್ದಾಗ ಚಿತ್ರ ಬರೆದು ತಂದು ತೋರಿಸ್ತಿದ್ದೆ. ಹಸುನೋ ಮೇಜೋ ಗೊತ್ತಾಗ್ತಿರ್ಲಿಲ್ಲ. ಆದ್ರೂ ನಾನು ಚೆನ್ನಾಗಿದೆ ಅಂತಿದ್ದೆ."

ಪೇಂಟರ್ ಮುಖ ಆಚೆ ತಿರುಗಿಸಿಕೊಂಡು ಡಬ್ಬ ಮುಚ್ಚತೊಡಗಿದರು. ಮುಚ್ಚಳ ಮುಚ್ಚಲು ಅಷ್ಟು ಹೊತ್ತು ಬೇಕಿರಲಿಲ್ಲ.

ಏಪ್ರಿಲ್ 7, ಸೋಮವಾರ

ವಸತಿಗೃಹಕ್ಕೆ ಫೋನ್ ಮಾಡಲಿಲ್ಲ. ರಜೆ ಹಾಕಿದೆ.

ಮಾರ್ಚ್ ಎರಡರ ಪುಟ ತೆಗೆದು ಓದಿದೆ. ಡಾಕ್ಟರು ಹೇಳಿದ್ದು ನನ್ನದೇ ಕೈಬರಹದಲ್ಲಿದೆ: ಬೆಳಕು ಕತ್ತಲೆಯ ವ್ಯತ್ಯಾಸ. ಎರಡು ಗೆರೆ ಎಳೆದಿರುವುದು 'ಬೆಳಕು' ಎಂಬುದಕ್ಕೆ. 'ವ್ಯತ್ಯಾಸ' ಪಕ್ಕದಲ್ಲೇ ಇದೆ, ಗೆರೆಯಿಲ್ಲದೆ. ಮಕ್ಕಳು ಪ್ರಶ್ನೆಯನ್ನು ಪೂರ್ತಿ ಓದುವುದಿಲ್ಲ ಎಂದು ಪ್ರತಿ ವರ್ಷ ದೂರುತ್ತೇನೆ.

ಮಧ್ಯಾಹ್ನ ಅಕ್ಕ ಮಲಗಿದ್ದಾಗ ಒಂದು ಪ್ರಯೋಗ ಮಾಡಿದೆ. ಕನ್ನಡಕಕ್ಕೆ ಎರಡು ಪದರ ಟ್ರೇಸಿಂಗ್ ಪೇಪರ್ ಅಂಟಿಸಿ ನಡುಮನೆಯಿಂದ ಹೊರಟೆ. ಇಪ್ಪತ್ತು ವರ್ಷ ಇದ್ದ ಮನೆ. ಐದನೇ ಹೆಜ್ಜೆಗೆ ಎಲ್ಲಿದ್ದೇನೆಂದು ತಿಳಿಯಲಿಲ್ಲ. ಗೋಡೆ ಇರಲಿಲ್ಲ, ಬಾಗಿಲು ಇರಲಿಲ್ಲ. ದೊಡ್ಡ ಬಲ್ಬ್ ಉರಿಯುತ್ತಿದ್ದ ಕಡೆ ಕಣ್ಣು ಚುಚ್ಚಿತು. ಸುತ್ತ ತಿರುಗಿದೆ. ದೂರದಲ್ಲಿ ಒಂದು ಹಸಿರು ಆಯತ ಕಂಡಿತು. ಅದರ ಕಡೆಗೆ ನಡೆದೆ, ಒಳಗೆ ಹೋದೆ, ಟ್ರಂಕಿನ ಮೇಲೆ ಕೂತೆ.

ನಿಜ. ಅಲ್ಲಿ ಚೆನ್ನಾಗಿದೆ.

ಮೇಜಿನ ಖಾನೆಯಿಂದ ಚಿಂದಿಗಳನ್ನು ತೆಗೆದು ಮತ್ತೆ ಕಟ್ಟಿದೆ. ನನ್ನ ಗಂಟು ಅವಳ ಗಂಟಿನಷ್ಟು ಚೆನ್ನಾಗಿ ಬರಲಿಲ್ಲ.

ಏಪ್ರಿಲ್ 12, ಶನಿವಾರ

ಮಂಗಳವಾರದಿಂದ ಬಾಗಿಲುಗಳ ಕೆಲಸ ನಡೆದಿದೆ. ಅಕ್ಕ ಹೋಗುವುದರ ಬಗ್ಗೆ ಮಾತೆತ್ತಿಲ್ಲ, ಇರುವುದರ ಬಗ್ಗೆಯೂ. ನಾನೂ ಎತ್ತಿಲ್ಲ. ಅವಳ ಚೀಲ ಮಂಚದ ಕೆಳಗೆ ಹಾಗೆಯೇ ಇದೆ.

ಬಣ್ಣ ಆರಿಸಿದ್ದು ಅವಳು. ಕಾರ್ಡಿನ ಬೆರಳಗಲದ ಬಣ್ಣ ಗೋಡೆಯ ಮೇಲೆ ಹಾಗೆಯೇ ಕಾಣುತ್ತದೆಂದು ನಾನು ನಂಬಿದ್ದೆ. ಕಾಣುವುದಿಲ್ಲವಂತೆ. ಪೇಂಟರ್ ದೊಡ್ಡ ರಟ್ಟಿನ ಹಾಳೆಗಳಿಗೆ ಒಂದೊಂದು ಬಣ್ಣ ಬಳಿದು, ಒಣಗಿಸಿ, ಬಿಳಿ ಗೋಡೆಗೆ ಒರಗಿಸುತ್ತ ಹೋದರು. ನಾಲ್ಕನೆಯದಕ್ಕೆ ಅಕ್ಕ ಕೈಯೆತ್ತಿದಳು.

"ಇದು. ಸ್ಕೂಲ್ ಹುಡುಗರ ಚಡ್ಡಿ ನೀಲಿ ಅಲ್ವಾ?"

"ಅದೇ ಅಮ್ಮಾ."

"ಎಷ್ಟು ಸಾವಿರ ಚಡ್ಡಿಗೆ ಕಾಜಾ ಹೊಲ್ದಿದ್ದೀನಿ. ಇದು ಎಲ್ಲಿದ್ರೂ ಗುರುತು ಸಿಗುತ್ತೆ."

ಆರು ಬಾಗಿಲು, ಆರು ಚೌಕಟ್ಟು, ಸ್ವಿಚ್ ಬೋರ್ಡುಗಳ ಸುತ್ತ ಒಂದು ಅಂಗುಲದ ಪಟ್ಟಿ. ಹಸಿರು ಬಾಗಿಲು ಹಸಿರಾಗಿಯೇ ಇರುತ್ತದೆ. ಮೊದಲು ತಿಕ್ಕಬೇಕು, ತೊಳೆಯಬೇಕು, ಆಮೇಲೆ ಪ್ರೈಮರ್. ಬಕೆಟ್ ಹಿಡಿದು ನಿಂತೆ. "ಇದೆಲ್ಲ ಯಾಕೆ ಅಂತ ಕೇಳಲ್ವಾ ಮೇಷ್ಟ್ರೇ?" ಎಂದರು. ಕೈಯಲ್ಲಿ ಬಕೆಟ್ ಇರುವಾಗ ವಾದಿಸುವುದು ಕಷ್ಟ.

ಇಂದು ಸಂಜೆ ವಾಸನೆ ಹೋಗಿತ್ತು. ವಾಸನೆ ಹೋದರೆ ಬಣ್ಣ ಒಣಗಿದಂತೆ ಎಂದು ನಡುಮನೆಯ ಬಾಗಿಲಿಗೆ ಒರಗಿದೆ. ಬಿಳಿ ಅಂಗಿಯ ಬೆನ್ನ ತುಂಬ ನೀಲಿ. ಪೇಂಟರ್ ತಲೆ ಚಚ್ಚಿಕೊಂಡರು. ಅಕ್ಕ ಏನಾಯಿತೆಂದು ಕೇಳಿ, ನನ್ನನ್ನು ತಿರುಗಿ ನಿಲ್ಲಿಸಿ ನೋಡಿದಳು.

"ಈಗ ಕಾಣ್ತೀಯಾ ನೋಡು. ಇಷ್ಟು ದಿನ ಬಿಳಿ ಅಂಗಿ ಹಾಕ್ಕೊಂಡು ಬಿಳಿ ಗೋಡೆ ಮುಂದೆ ನಿಲ್ತಿದ್ದೆ. ಬರೀ ದನಿ ಕೇಳ್ತಿತ್ತು. ತಮ್ಮ ಎಲ್ಲಿದ್ದಾನೆ ಅಂತ ಗೊತ್ತಾಗ್ತಿರ್ಲಿಲ್ಲ."

ಅಂಗಿ ಹಾಳಾಯಿತು.

ಏಪ್ರಿಲ್ 15, ಮಂಗಳವಾರ

ವಿಶೇಷವೇನೂ ಇಲ್ಲ.

ಸ್ಟಾಫ್ ರೂಮಿನಲ್ಲಿ, ಇದೇನು ನೀಲಿ ಅಂಗಿ ಎಂದು ಕೇಳಿದರು. ಬಿಳಿಯದು ಒಗೆಯಲು ಹೋಗಿದೆ ಎಂದೆ.

ವಸತಿಗೃಹದ ಗಡುವು ಇಂದಿಗೆ. ಎಂದೂ ಇಲ್ಲದ್ದು, ಕೀ ಮನೆಯಲ್ಲೇ ಬಿಟ್ಟು ಹೋದೆ. ಹೇಗೆ ಮರೆತೆನೋ ತಿಳಿಯದು. ಮೇಜಿನ ನಟ್ಟನಡುವೆ, ಕಣ್ಣಿಗೆ ಹೊಡೆಯುವಂತಿತ್ತು.

ಸಂಜೆ ಬಂದು ಹೊರಗೆ ನಿಂತೆ. ಬೆಲ್ ಒತ್ತಿದೆ. ಅದರ ಸದ್ದು ಹೊರಗಿನಿಂದ ಹೇಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಒಳಗೆ ಕುರ್ಚಿ ಸರಿದ ಸದ್ದು. ಆಮೇಲೆ ಹೆಜ್ಜೆಗಳು. ಎಣಿಸಿದೆ: ಹನ್ನೊಂದು. ಗೋಡೆ ಸವರುವ ಸದ್ದಿಲ್ಲ. ನಡುವೆ ಎಲ್ಲೂ ನಿಲ್ಲಲಿಲ್ಲ.

"ಯಾರು?"

"ನಾನು."

"ನಾನು ಅಂದ್ರೆ?"

"ಮೇಷ್ಟ್ರು."

"ಮೇಷ್ಟ್ರು ಮನೇಲಿಲ್ಲ. ಸಂಜೆ ಬನ್ನಿ."

"ಅಕ್ಕಾ, ಸಂಜೆನೇ ಆಗಿದೆ."

ಬಾಗಿಲು ತೆರೆಯಿತು. ಅಕ್ಕ ನೀಲಿ ಚೌಕಟ್ಟಿನ ಸರಿಯಾಗಿ ನಡುವೆ ನಿಂತಿದ್ದಳು. ನನ್ನ ಅಂಗಿಯ ಕಡೆಗೆ ನೋಡಿ, ಒಂದೇ ಸಲಕ್ಕೆ ನನ್ನ ಕೈಯಿಂದ ಚೀಲ ತೆಗೆದುಕೊಂಡಳು.

"ಆ ವಸತಿಗೃಹದವರು ಫೋನ್ ಮಾಡಿದ್ರು. ಆ ಹಾಸಿಗೆ ಬೇಕಾದವರಿಗೆ ಕೊಡಿ ಅಂದೆ. ನಮ್ಮನೇಲಿ ಬಾಗಿಲು ತೆಗೆಯೋಕೆ ಒಬ್ಬರು ಬೇಕು, ಹುಡುಗ ಕೀ ಮರೀತಾನೆ ಅಂತ ಹೇಳ್ದೆ."

ಚಹಾ ಅವಳೇ ಮಾಡಿ ಕೊಟ್ಟಳು, ಹೊಸದಾಗಿ ತಂದ ನೀಲಿ ಕಪ್‌ನಲ್ಲಿ. ಅಷ್ಟೇ ನಡೆದದ್ದು.

ಸಾಮಾನಿನ ಕೋಣೆಯ ಗೋಡೆ ಒಣಗಿದೆಯಂತೆ. ಪೇಂಟರ್ ನಾಳೆ ಬರುತ್ತಾರೆ. ಅದಕ್ಕೆ ಯಾವ ಬಣ್ಣ ಎಂದು ಮನೆಯಲ್ಲಿ ಸಭೆ ಸೇರಬೇಕು. ಈಗ ಎರಡು ಮತಗಳಿವೆ. ಸಮ ಬಂದರೆ ಅಕ್ಕ ಹೇಳಿದ್ದು.